ಇಎಸ್‌ಐ ಬಿಡೋಣ ಅಂದ ಭಾವನ ಜೊತೆ ಕೂತು ಹಾಕಿದ ಲೆಕ್ಕ

ಪೀಣ್ಯ ಎರಡನೇ ಹಂತದಲ್ಲಿ ನಮ್ಮದೊಂದು ಸಣ್ಣ ಮೆಷಿನ್ ಶಾಪ್. ಇಪ್ಪತ್ತರ ಆಸುಪಾಸು ಜನ ಇದ್ದಾರೆ. ಮೆಷಿನ್ನು, ಆರ್ಡರ್ರು ಭಾವನ ಜವಾಬ್ದಾರಿ. ಸಂಬಳ, ಪಿಎಫ್, ಇಎಸ್‌ಐ (ಮಾಲೀಕ, ಕಾರ್ಮಿಕ ಇಬ್ಬರೂ ಪಾಲು ಕಟ್ಟುವ ಸರ್ಕಾರಿ ಕಾರ್ಮಿಕ ವಿಮೆ) ನನ್ನದು. ತಿಂಗಳ 15ರೊಳಗೆ ಇಎಸ್‌ಐ ಚಲನ್ ಕಟ್ಟಲು ಕೂತಾಗಲೆಲ್ಲ ಭಾವನದು ಒಂದೇ ರಾಗ. "ಅಲ್ಲಯ್ಯ, ನಮ್ಮ ಹುಡುಗರಲ್ಲಿ ಯಾರು ಹೋಗ್ತಾರೆ ಆ ಆಸ್ಪತ್ರೆಗೆ? ಸುಮ್ನೆ ದಂಡ. ಇದೇ ದುಡ್ಡಲ್ಲಿ ಒಳ್ಳೆ ಗ್ರೂಪ್ ಪಾಲಿಸಿ ಮಾಡಿಸಿದ್ರೆ ದೊಡ್ಡಾಸ್ಪತ್ರೆಗೇ ಹೋಗಬಹುದಲ್ಲ."

ಇಎಸ್‌ಐ ಬಿಡೋದು ನಮ್ಮ ಇಷ್ಟಕ್ಕೆ ಬಿಟ್ಟಿದ್ದಲ್ಲ. ಹತ್ತು ಜನ ಇದ್ದರೆ ಕಾನೂನು ಅನ್ವಯಿಸುತ್ತದೆ, ಒಮ್ಮೆ ಕೋಡ್ ನಂಬರ್ ಬಂದ ಮೇಲೆ ಜನ ಕಡಿಮೆಯಾದರೂ ಬಿಡುವ ಹಾಗಿಲ್ಲ. ಆದರೆ ತಿಂಗಳ ಸಂಬಳ 21,000 ದಾಟಿದವನು ಅದರಿಂದ ಹೊರಗೆ. ಈ ಮಿತಿ 2017ರ ಜನವರಿಯಲ್ಲಿ ಬಂದದ್ದು. ಭಾವನ ಐಡಿಯಾ ಇದ್ದದ್ದು ಇಲ್ಲೇ: ಹೇಗೂ ಏಪ್ರಿಲ್‌ನಲ್ಲಿ ಇನ್‌ಕ್ರಿಮೆಂಟ್ ಕೊಡಬೇಕು, 20,000ದವರನ್ನೆಲ್ಲ 21,500ಕ್ಕೆ ಏರಿಸಿ ಖಾಸಗಿ ಪಾಲಿಸಿಗೆ ಹಾಕಿಬಿಡೋಣ.

"ಇರಿ ಭಾವ, ಲೆಕ್ಕ ಹಾಕಿ ನೋಡೋಣ" ಅಂದೆ.

ಮೊದಲು ಇಎಸ್‌ಐ. 2019ರ ಜುಲೈಗೆ ಮುಂಚೆ ಮಾಲೀಕನ ಪಾಲು ಶೇ 4.75, ಕಾರ್ಮಿಕನದು 1.75 ಇತ್ತು. ಈಗ ಶೇ 3.25 ಮತ್ತು 0.75. ಸಂಬಳ 18,000 ಇದ್ದರೆ ನಾವು 585 ಕಟ್ಟುತ್ತೇವೆ, ಅವನ ಸಂಬಳದಲ್ಲಿ 135 ಹಿಡಿಯುತ್ತೇವೆ. ವರ್ಷಕ್ಕೆ ಒಟ್ಟು 8,640. ಇದರಲ್ಲಿ ಹೆಂಡತಿ, ಮಕ್ಕಳು ಮಾತ್ರವಲ್ಲ, ಅವನನ್ನೇ ನಂಬಿಕೊಂಡಿರುವ ಅಪ್ಪ ಅಮ್ಮನೂ ಸೇರುತ್ತಾರೆ. ಚಿಕಿತ್ಸೆಗೆ ಇಂತಿಷ್ಟು ಲಕ್ಷ ಅನ್ನುವ ಮಿತಿ ಇಲ್ಲ. ಮೊದಲೇ ಶುಗರ್ ಇತ್ತಾ ಅಂತ ಕೇಳುವವರಿಲ್ಲ.

ಇನ್ಶೂರೆನ್ಸ್ ಬ್ರೋಕರ್ ಮೊದಲು ತಂದ ಗ್ರೂಪ್ ಕೊಟೇಶನ್ ನೋಡಿ ಭಾವನ ಮುಖ ಅರಳಿತು. ಮೂರು ಲಕ್ಷದ ಕವರ್, ಪ್ರೀಮಿಯಂ ಇಎಸ್‌ಐಗಿಂತ ಕಡಿಮೆ. ಆದರೆ ಅದರಲ್ಲಿ ಅಪ್ಪ ಅಮ್ಮ ಇರಲಿಲ್ಲ. ಅವರನ್ನೂ ಸೇರಿಸಿ ಅಂದಾಗ ಎರಡು ಪಟ್ಟು ದಾಟಿತು. ಮೇಲೆ ಶೇ 18 ಜಿಎಸ್‌ಟಿ. (2025ರ ಸೆಪ್ಟೆಂಬರ್ 22ರಿಂದ ಮನೆಮಂದಿ ಸ್ವಂತಕ್ಕೆ ಮಾಡಿಸುವ ಪಾಲಿಸಿಗೆ ಜಿಎಸ್‌ಟಿ ತೆಗೆದರು, ಗ್ರೂಪ್ ಪಾಲಿಸಿಗೆ ಆ ಭಾಗ್ಯ ಬರಲಿಲ್ಲ.)

ಇಲ್ಲಿಗೇ ನಿಲ್ಲಿಸಿದ್ದರೆ ಅದು ಬರೀ ಆಸ್ಪತ್ರೆ ಬಿಲ್ಲಿನ ಲೆಕ್ಕ ಆಗುತ್ತಿತ್ತು. ನಾನು ಹಳೇ ಫೈಲ್ ತೆಗೆದೆ. ನಮ್ಮಲ್ಲಿ ಒಬ್ಬ ಹೆಲ್ಪರ್ ಪ್ರೆಸ್ಸಿಗೆ ಕೈ ಕೊಟ್ಟು ಎರಡು ಬೆರಳ ತುದಿ ಕಳೆದುಕೊಂಡಿದ್ದ. ಆಕ್ಸಿಡೆಂಟ್ ರಿಪೋರ್ಟ್ ಆನ್‌ಲೈನ್‌ನಲ್ಲಿ ಹಾಕಿದೆವು. ಕೆಲಸಕ್ಕೆ ಬರಲಾಗದಷ್ಟು ದಿನವೂ ಸಂಬಳದ ಶೇ 90 ಅವನ ಖಾತೆಗೆ ಇಎಸ್‌ಐನಿಂದಲೇ ಬಂತು. ಆಮೇಲೆ ಮೆಡಿಕಲ್ ಬೋರ್ಡ್ ಮುಂದೆ ಹೋಗಿ ದುಡಿಮೆಯ ಶಕ್ತಿ ಎಷ್ಟು ಹೋಗಿದೆ ಅಂತ ನಿರ್ಧಾರವಾಯಿತು. ಆ ಪ್ರಮಾಣಕ್ಕೆ ಅವನಿಗೆ ಜೀವನಪೂರ್ತಿ ಹಣ ಬರುತ್ತದೆ. ಅವನು ಇಎಸ್‌ಐ ಹೊರಗಿದ್ದಿದ್ದರೆ ಆ ಪರಿಹಾರ ಕಾನೂನಿನ ಪ್ರಕಾರ ನಮ್ಮ ತಲೆಗೇ ಬರುತ್ತಿತ್ತು. ಹೆರಿಗೆ ರಜೆಯೂ ಹಾಗೇ. ಕ್ವಾಲಿಟಿ ಚೆಕ್ಕಿಂಗ್‌ನಲ್ಲಿರುವ ಹೆಣ್ಣುಮಕ್ಕಳಿಗೆ 26 ವಾರದ ಸಂಬಳವನ್ನು ಇಎಸ್‌ಐ ಕೊಡುತ್ತದೆ, ಅದಿಲ್ಲದಿದ್ದರೆ ಮಾಲೀಕ ಕೊಡಬೇಕು. ಕಾಯಿಲೆ ಬಿದ್ದು ಮಲಗಿದರೆ ವರ್ಷಕ್ಕೆ 91 ದಿನದವರೆಗೆ ಶೇ 70 ಸಂಬಳ. ಇವು ಯಾವುವೂ ಬ್ರೋಕರ್ ತಂದ ಕಾಗದದಲ್ಲಿ ಇರಲಿಲ್ಲ. ಕೇಳಿದ್ದಕ್ಕೆ "ಆಕ್ಸಿಡೆಂಟಿಗೆ ಡಬ್ಲ್ಯೂಸಿ ಪಾಲಿಸಿ ಬೇರೆ ಮಾಡಿಸಬೇಕು ಸಾರ್" ಅಂದ. ಡಬ್ಲ್ಯೂಸಿ ಅಂದರೆ ಕೆಲಸದಲ್ಲಾಗುವ ಅಪಘಾತದ ಪರಿಹಾರಕ್ಕೆ ಮಾಲೀಕ ಮಾಡಿಸುವ ವಿಮೆ. ಅದರ ಪ್ರೀಮಿಯಂ ಇನ್ನೊಂದು ಸಾಲು.

ಭಾವ ಸುಮ್ಮನಾಗುವ ಪೈಕಿ ಅಲ್ಲ. "ಸರಿನಯ್ಯ, ಆದ್ರೆ ಒಂದು ಜ್ವರಕ್ಕೆ ಡಿಸ್ಪೆನ್ಸರಿಗೆ ಹೋದ್ರೆ ಒಂದು ಶಿಫ್ಟ್ ಹೋಯ್ತಲ್ಲ, ಅದನ್ನ ಯಾರ ಲೆಕ್ಕಕ್ಕೆ ಬರೀತೀಯ?" ಅಂದ. ಈ ಮಾತಿಗೆ ನನ್ನ ಹತ್ತಿರ ಉತ್ತರವಿರಲಿಲ್ಲ, ಈಗಲೂ ಇಲ್ಲ. ರಾಜಾಜಿನಗರದ ಇಎಸ್‌ಐಗೆ ಮೆಡಿಕಲ್ ಕಾಲೇಜೇ ಇದೆ, ನಮ್ಮ ಪೀಣ್ಯದಲ್ಲೂ ಆಸ್ಪತ್ರೆ ಇದೆ. ಆದರೂ ಸಣ್ಣಪುಟ್ಟದ್ದಕ್ಕೆ ನಮ್ಮ ಹುಡುಗರು ಹೋಗೋದು ಬಸ್ ಸ್ಟಾಪ್ ಪಕ್ಕದ ಕ್ಲಿನಿಕ್ಕಿಗೇ, ಕೈಯಿಂದ ಮುನ್ನೂರು ನಾನೂರು ಕೊಟ್ಟು. ಒಂದು ದಿನದ ಸಂಬಳಕ್ಕಿಂತ ಅದು ಅಗ್ಗ.

ಹೆಲ್ಪರ್‌ಗಳು ಇನ್ನೊಂದು ವಾದ ಹೂಡಿದರು: ಬಿಪಿಎಲ್ ಕಾರ್ಡ್ ಇದೆ, ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ಸಿಗುತ್ತೆ, ಇಎಸ್‌ಐ ಯಾಕೆ ಹಿಡೀತೀರಿ? ಅದು ಸಿಗುವುದು ನಿಜ. ಎಮರ್ಜೆನ್ಸಿ ಬಿಟ್ಟರೆ ಸಾಮಾನ್ಯವಾಗಿ ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಬೇಕು. ಆದರೆ ಮನೆಯಲ್ಲಿ ಮಲಗಿದ ದಿನಗಳ ಸಂಬಳವನ್ನು ಆ ಕಾರ್ಡ್ ಕೊಡುವುದಿಲ್ಲ.

ಖಾಸಗಿ ಕಡೆಯ ಅನುಭವ ನಮಗೆ ಸೂಪರ್‌ವೈಸರ್ ಮೂಲಕ ಆಯಿತು. ಅವನ ಸಂಬಳ 21,000 ದಾಟಿದ್ದರಿಂದ ಮೂರು ಲಕ್ಷದ ಪಾಲಿಸಿಯಲ್ಲಿದ್ದ. ರೂಮಿಗೆ ದಿನಕ್ಕೆ ಕವರ್‌ನ ಶೇ 1, ಅಂದರೆ 3,000 ಮಿತಿ. ಆಸ್ಪತ್ರೆಯಲ್ಲಿ ಖಾಲಿ ಇದ್ದದ್ದು 6,000ದ ರೂಮು. ಬಿಲ್ಲು 1,20,000: ರೂಮು 24,000, ಡಾಕ್ಟರ್ ಮತ್ತು ಆಪರೇಷನ್ ಥಿಯೇಟರ್ 60,000, ಔಷಧಿ ಮತ್ತು ಇಂಪ್ಲಾಂಟ್ 36,000. ರೂಮು ಮಿತಿಯ ಎರಡರಷ್ಟಾದ್ದರಿಂದ, ಅದೇ ಪ್ರಮಾಣದಲ್ಲಿ ರೂಮಿನ ಜೊತೆ ಡಾಕ್ಟರ್, ಥಿಯೇಟರ್ ಫೀಸೂ ಅರ್ಧಕ್ಕೆ ಇಳಿಯಿತು. ಔಷಧಿ, ಇಂಪ್ಲಾಂಟ್ ಮಾತ್ರ ಪೂರ್ತಿ. ಇನ್ಶೂರೆನ್ಸ್ ಕಂಪನಿ ಕೊಟ್ಟದ್ದು 78,000, ಅವನ ಜೇಬಿಂದ 42,000. ಕವರ್ ಮೂರು ಲಕ್ಷ ಇದ್ದೂ ಹೀಗೆ. ಡಿಸ್‌ಚಾರ್ಜ್ ಕೌಂಟರಿನಲ್ಲಿ ಅವನ ಹೆಂಡತಿ "ಕ್ಯಾಶ್‌ಲೆಸ್ ಅಂದಿದ್ರಲ್ಲ ಸಾರ್" ಅಂತ ನನಗೆ ಫೋನ್ ಮಾಡಿದ್ದರು.

ಆದರೆ ಭಾವನ ಮನಸ್ಸು ಬದಲಾಗಿದ್ದು ಈ ಬಿಲ್ಲಿಂದಲ್ಲ, ರಿನ್ಯೂವಲ್‌ನಿಂದ. ಸಣ್ಣ ಗುಂಪಿನಲ್ಲಿ ಒಬ್ಬರಿಗೆ ಹಾರ್ಟ್ ಆಪರೇಷನ್ ಆದರೆ ಸಾಕು, ಕ್ಲೇಮ್ ಪ್ರೀಮಿಯಂ ಮೀರುತ್ತದೆ, ಮುಂದಿನ ವರ್ಷ ಕಂಪನಿ ರೇಟು ಏರಿಸುತ್ತದೆ. ಸಾವಿರಾರು ಜನರ ಸಾಫ್ಟ್‌ವೇರ್ ಕಂಪನಿಗಾದರೆ ಅದು ಲೆಕ್ಕಕ್ಕಿಲ್ಲ. ನಮ್ಮಂಥ ಶೆಡ್ಡಿಗೆ ಪೆಟ್ಟು. ಇಎಸ್‌ಐನಲ್ಲಿ ನಮ್ಮ ಪ್ರೆಸ್ಸಿಗೆ ಬೆರಳು ಹೋದರೂ ನಮ್ಮ ಪಾಲು ಅದೇ ಶೇ 3.25. ಇದನ್ನು ಕೇಳಿ ಭಾವ ಬ್ರೋಕರ್‌ನ ಕಾಗದ ಮಡಚಿಟ್ಟ.

ಕೊನೆಗೆ ಮಾಡಿದ್ದು ಇಷ್ಟು: ಸಂಬಳ ಏರಿಸಿ ಯಾರನ್ನೂ ಇಎಸ್‌ಐನಿಂದ ಹೊರಗೆ ತಳ್ಳುವುದು ಬೇಡ. ಸಹಜವಾಗಿ 21,000 ದಾಟಿದವರಿಗೆ ಗ್ರೂಪ್ ಪಾಲಿಸಿ, ರೂಮಿಗೆ ಮಿತಿ ಇಲ್ಲದ್ದು, ಜೊತೆಗೆ ಡಬ್ಲ್ಯೂಸಿ. ಅಪ್ಪ ಅಮ್ಮನ ಪ್ರೀಮಿಯಂನಲ್ಲಿ ಅರ್ಧ ನಮ್ಮದು, ಅರ್ಧ ಅವರದು.

ಇಷ್ಟಾದ ಮೇಲೆ ಲೇತ್ ಆಪರೇಟರ್ ಒಬ್ಬ ಆಫೀಸಿಗೆ ಬಂದು, "ಸಾರ್, ಈ ಸಲ ನಂಗೆ ಇನ್‌ಕ್ರಿಮೆಂಟ್ ಬೇಡ" ಅಂದ. ಅವನ ಅಮ್ಮನಿಗೆ ಡಯಾಲಿಸಿಸ್ ನಡೀತಿತ್ತು, ಇಎಸ್‌ಐನಲ್ಲೇ. ಸಂಬಳ ಏರಿದರೆ ಅದು ಕೈತಪ್ಪುತ್ತೆ ಅನ್ನುವ ಹೆದರಿಕೆ. ನಿಯಮ ತೆಗೆದು ನೋಡಿದೆ. ಏಪ್ರಿಲ್ 1ಕ್ಕೆ ಸಂಬಳ ಮಿತಿಯೊಳಗಿದ್ದು ಆಮೇಲೆ ದಾಟಿದರೆ ಸೆಪ್ಟೆಂಬರ್ ಕೊನೆವರೆಗೂ ವಂತಿಗೆ ಕಟ್ಟಬಹುದು, ಕಟ್ಟಲೇಬೇಕು. ಅದರ ಸವಲತ್ತಿನ ಅವಧಿ ಮುಂದಿನ ಜನವರಿಯಿಂದ ಜೂನ್‌ವರೆಗೆ. ಏಪ್ರಿಲ್ ಬದಲು ಮೇನಲ್ಲಿ ಏರಿಸಿದರೆ ಒಂದು ವರ್ಷದ ಮೇಲೆ ಉಸಿರಾಡಲು ಜಾಗ ಸಿಗುತ್ತೆ. ಆ ವರ್ಷದಿಂದ ನಮ್ಮಲ್ಲಿ ಎಲ್ಲರ ಇನ್‌ಕ್ರಿಮೆಂಟೂ ಮೇ ತಿಂಗಳಿಗೆ, ಏಪ್ರಿಲ್ ತಿಂಗಳ ವ್ಯತ್ಯಾಸಕ್ಕೆ ಸರಿಯಾಗಿ ಏರಿಕೆಯನ್ನೇ ಸ್ವಲ್ಪ ಜಾಸ್ತಿ ಮಾಡಿ.