‘ಸಾರ್, ಇವತ್ತಿಗೆ ಸಾಕು’ ಅನ್ನುವುದು ಹೇಗೆ?

ಬಾರ್ ಆ್ಯಂಡ್ ರೆಸ್ಟೋರೆಂಟ್‌ಗೆ ಹೊಸದಾಗಿ ಸೇರಿದ ಸಪ್ಲೈಯರ್‌ಗೆ ಟ್ರೇ ಹಿಡಿಯುವುದು, ಕೆಒಟಿ (ಆರ್ಡರ್ ಚೀಟಿ) ಬರೆಯುವುದು ಎಲ್ಲ ಕಲಿಸುತ್ತಾರೆ. ಯಾರಿಗೆ, ಯಾವಾಗ ಕೊಡಬಾರದು ಅಂತ ಮಾತ್ರ ಯಾರೂ ಹೇಳಿಕೊಡುವುದಿಲ್ಲ. ಗಲಾಟೆಯಾದ ಮೇಲೆ ಬೈಸಿಕೊಳ್ಳುವವನು ಅವನೇ.

ಮೊದಲು ವಯಸ್ಸು. 1965ರ ಕರ್ನಾಟಕ ಅಬಕಾರಿ ಕಾಯ್ದೆ, 1967ರ ಲೈಸೆನ್ಸ್ ನಿಯಮ ಎರಡಕ್ಕೂ ತಾಳೆಯಿಲ್ಲ: ಒಂದು 18 ವರ್ಷ ಅನ್ನುತ್ತದೆ, ಇನ್ನೊಂದು 21 ಅನ್ನುತ್ತದೆ. 2023ರಲ್ಲಿ ಸರ್ಕಾರ 18ಕ್ಕೆ ಇಳಿಸಲು ಹೊರಟು, ವಿರೋಧ ಬಂದಾಗ ಕೈಬಿಟ್ಟಿತು. ನೀವು ಸುಮ್ನೆ 21 ಹಿಡಿದುಕೊಳ್ಳಿ. 18 ತುಂಬದವರಿಗೆ ಕೊಟ್ಟರಂತೂ ಬಾಲನ್ಯಾಯ ಕಾಯ್ದೆಯ 77ನೇ ಸೆಕ್ಷನ್ ಇದೆ: 7 ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿವರೆಗೆ ದಂಡ. ‘ಓನರ್ ಹೇಳಿದ್ರು, ಕೊಟ್ಟೆ’ ಅಂದರೆ ತಪ್ಪಿಸಿಕೊಳ್ಳಲು ಆಗುವುದಿಲ್ಲ. ಮೊಬೈಲ್ ಗ್ಯಾಲರಿಯ ಆಧಾರ್ ಫೋಟೊ ಒಪ್ಪಲೇಬೇಡಿ. ಡಿಜಿಲಾಕರ್ ಆ್ಯಪನ್ನು ನಿಮ್ಮೆದುರೇ ತೆರೆದು ತೋರಿಸಲಿ.

ಅಳತೆಗೆ ಕಾನೂನು ಮಾಪನ ಇಲಾಖೆಯ ಮುದ್ರೆ ಬಿದ್ದ ಪೆಗ್ ಮೆಷರ್ ಬಳಸಿ, ಮುಗಿಯಿತು. ಆನ್‌ಲೈನ್‌ನಲ್ಲಿ ಬರುವ ಮುದ್ರೆಯಿಲ್ಲದ ಫ್ಯಾನ್ಸಿ ಜಿಗ್ಗರ್ (ಅಳತೆ ಕಪ್) ನೋಡೋಕೆ ಚಂದ, ತಪಾಸಣೆಗೆ ಬಂದಾಗ ತಲೆನೋವು.

ಮುಂದಿನದು ಲೆಕ್ಕ. ‘ಅವರು ಬರೀ ಬಿಯರ್ ಕುಡಿತಿದಾರೆ’ ಅನ್ನುವ ಮಾತು ಕೇಳಿ ಕೇಳಿ ಸಾಕಾಗಿದೆ. ಒಂದು ಸ್ಮಾಲ್, ಅಂದರೆ 30 ಎಂಎಲ್ ವಿಸ್ಕಿಯಲ್ಲಿ ಸುಮಾರು 10 ಗ್ರಾಂ ಆಲ್ಕೋಹಾಲ್ ಇರುತ್ತದೆ. ಶೇ 8ರ ಸ್ಟ್ರಾಂಗ್ ಬಿಯರ್‌ನ 650 ಎಂಎಲ್ ಬಾಟಲಿಯಲ್ಲಿ ಸುಮಾರು 41 ಗ್ರಾಂ. ಅಂದರೆ ಒಂದು ಬಾಟಲಿಗೆ ನಾಲ್ಕು ಸ್ಮಾಲ್! ದೇಹ ಗಂಟೆಗೆ ಹೆಚ್ಚುಕಡಿಮೆ ಒಂದು ಸ್ಮಾಲ್ ಅಷ್ಟೇ ಕರಗಿಸುತ್ತದೆ. ಕೆಒಟಿಯಲ್ಲಿ ಟೈಮ್ ಬರೆದಿಡಿ.

ಈಗ ಎಲ್ಲರೂ ಎಡವುವ ಜಾಗ: ನಿಲ್ಲಿಸುವುದು. ತೂರಾಡುವವರೆಗೆ ಕಾಯಬೇಡಿ, ಅಷ್ಟೊತ್ತಿಗೆ ಮಾತು ತಲೆಗೆ ಹೋಗುವುದಿಲ್ಲ. ಅದಕ್ಕೂ ಮೊದಲೇ ಗುರುತು ಸಿಗುತ್ತದೆ. ದನಿ ಏರುತ್ತದೆ, ಹೇಳಿದ್ದನ್ನೇ ಮತ್ತೆ ಹೇಳುತ್ತಾರೆ, ಶೇಂಗಾ ತೆಗೆಯಲು ಹೋದ ಕೈ ಬಟ್ಟಲಿನ ಪಕ್ಕಕ್ಕೆ ಬೀಳುತ್ತದೆ. ಆಗ ಕೇಳದಿದ್ದರೂ ನೀರಿನ ಬಾಟಲಿ ಇಡಿ. ‘ರಿಪೀಟ್ ಮಾಡ್ಲಾ ಸಾರ್?’ ಅನ್ನುವುದನ್ನು ಅಲ್ಲಿಗೇ ಬಿಡಿ. ‘ಊಟಕ್ಕೆ ಏನು ಹೇಳ್ಲಿ?’ ಅನ್ನಿ. ಆ ಟೇಬಲ್‌ನಲ್ಲಿ ಕಮ್ಮಿ ಕುಡಿದವರು ಒಬ್ಬರು ಇದ್ದೇ ಇರುತ್ತಾರೆ. ವಾಶ್‌ಬೇಸಿನ್ ಕಡೆ ಸಿಕ್ಕಾಗ ಅವರ ಕಿವಿಗೆ ಹಾಕಿ. ಆದರೂ ಆರ್ಡರ್ ಬಂತಾ? ಹುಡುಗರನ್ನು ಮುಂದೆ ತಳ್ಳಬೇಡಿ, ಸಪ್ಲೈಯರ್‌ಗಳ ಮೇಲಿನ ಕ್ಯಾಪ್ಟನ್ನೇ ಹೋಗಬೇಕು. ಬಗ್ಗಿ, ಮೆಲ್ಲಗೆ, ‘ಸಾರ್, ಇವತ್ತಿಗೆ ಸಾಕು, ನಾಳೆ ಬನ್ನಿ’ ಅಂದರೆ ಸಾಕು. ‘ನಿಮಗೆ ಜಾಸ್ತಿ ಆಗಿದೆ’ ಅಂದಿರೋ, ಜಗಳ ಗ್ಯಾರಂಟಿ. ‘ಸ್ಟಾಕ್ ಇಲ್ಲ’ ಅಂತ ಸುಳ್ಳೂ ಬೇಡ, ಪಕ್ಕದ ಟೇಬಲ್‌ಗೆ ಅದೇ ಬ್ರ್ಯಾಂಡ್ ಹೋಗುತ್ತಿರುತ್ತದೆ. ಕೆಲವರು ಗುಟ್ಟಾಗಿ ಪೆಗ್‌ಗೆ ನೀರು ಬೆರೆಸಿ ಬಚಾವಾಗಲು ನೋಡುತ್ತಾರೆ. ಅದು ಕಲಬೆರಕೆ, ಕೇಸಾಗುತ್ತದೆ. ಇನ್ನು ನಿಂಬೆರಸ, ಮಜ್ಜಿಗೆ, ಬ್ಲಾಕ್ ಕಾಫಿ: ಯಾವುದರಿಂದಲೂ ನಶೆ ಇಳಿಯುವುದಿಲ್ಲ. ಇಳಿಸುವುದು ಹೊತ್ತು ಮಾತ್ರ.

ಕೊನೆಗೆ ಪಾರ್ಕಿಂಗ್. ಮೋಟಾರು ವಾಹನ ಕಾಯ್ದೆಯ 185ನೇ ಸೆಕ್ಷನ್‌ನಲ್ಲಿ ಮಿತಿ 100 ಎಂಎಲ್ ರಕ್ತಕ್ಕೆ 30 ಮಿಲಿಗ್ರಾಂ. ಖಾಲಿ ಹೊಟ್ಟೆಗೆ ಬೇಗಬೇಗ ಒಂದು ಲಾರ್ಜ್ (60 ಎಂಎಲ್) ಹಾಕಿದರೆ ಅನೇಕರು ಇದನ್ನು ದಾಟುತ್ತಾರೆ. ಮೊದಲ ಸಲ ಸಿಕ್ಕಿಬಿದ್ದರೆ 10,000 ರೂಪಾಯಿ ದಂಡ, 6 ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. ಬಿಲ್ ಜೊತೆಗೇ ‘ಆಟೋ ಹೇಳ್ಲಾ ಸಾರ್?’ ಅಂತ ಕೇಳಿ. ಗಾಡಿ ರಾತ್ರಿ ಇಲ್ಲೇ ಇದ್ದರೆ ಪರವಾಗಿಲ್ಲ ಅಂತಲೂ ಹೇಳಿ, ವಾಚ್‌ಮನ್‌ಗೆ ಗಾಡಿ ನಂಬರ್ ಬರೆದುಕೊಡಿ.