ಗಾಳಿ ತೆಗೆದ ಜಿಂಕೆ ಮಾಂಸ: ಯಂತ್ರದ ಆಯ್ಕೆ, ಕೈಯ ಕೆಲಸ

ನವೆಂಬರ್ ಮೂರನೆಯ ವಾರ ಬಂತೆಂದರೆ ನಮ್ಮ ಮನೆಯ ಊಟದ ಮೇಜು ಊಟಕ್ಕೆ ಸಿಗುವುದಿಲ್ಲ. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದಲ್ಲಿ ಬಂದೂಕಿನ ಜಿಂಕೆ ಬೇಟೆಗೆ ಒಂಬತ್ತು ದಿನಗಳ ಅವಕಾಶ. ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಹಿಂದಿನ ಶನಿವಾರ ಅದು ಶುರುವಾಗುತ್ತದೆ. ನನ್ನ ಗಂಡ ಮತ್ತು ಮಗಳು ಪರವಾನಗಿ ಪಡೆದು, ಕಣ್ಣು ಕುಕ್ಕುವ ಕಿತ್ತಳೆ ಜಾಕೆಟ್ ತೊಟ್ಟು, ಬೆಳಕು ಹರಿಯುವ ಮೊದಲೇ ಹೊರಡುತ್ತಾರೆ. ನಾನು ಬಂದೂಕು ಹಿಡಿಯುವುದಿಲ್ಲ. ಆದರೆ ಜಿಂಕೆ ಗ್ಯಾರೇಜಿಗೆ ಬಂದ ಮೇಲೆ ಕತ್ತಿ, ಹಲಗೆ, ಚೀಲ, ಯಂತ್ರ ಎಲ್ಲವೂ ನನ್ನ ಸುಪರ್ದಿಗೆ ಬರುತ್ತವೆ. ಹನ್ನೆರಡು ವರ್ಷದಿಂದ ಈ ಕೆಲಸ ಮಾಡುತ್ತಿದ್ದೇನೆ. ಮ್ಯಾಡಿಸನ್ ಸುತ್ತಮುತ್ತಲಿನ ಕನ್ನಡದ ಗೆಳತಿಯರು ಪ್ರತಿ ವರ್ಷ ಕೇಳುವ ಪ್ರಶ್ನೆ ಒಂದೇ: ಗಾಳಿ ತೆಗೆದು ಚೀಲ ಮುಚ್ಚುವ ವ್ಯಾಕ್ಯೂಮ್ ಸೀಲರ್ ಯಾವುದನ್ನು ಕೊಳ್ಳಬೇಕು? ಯಂತ್ರದ ವಿಷಯ ಹೇಳುತ್ತೇನೆ. ಅದಕ್ಕೆ ಮೊದಲು ಅದು ಏನು ಮಾಡುತ್ತದೆ, ಏನು ಮಾಡುವುದಿಲ್ಲ ಎಂಬುದನ್ನು ಹೇಳಲೇಬೇಕು.

ಅರಕಲಗೂಡಿನ ನಮ್ಮ ಮನೆಯಲ್ಲಿ ಹಬ್ಬಕ್ಕೆ ಕುರಿ ಕೊಯ್ದರೆ ಉಳಿದ ಮಾಂಸಕ್ಕೆ ಅಜ್ಜಿ ಉಪ್ಪು, ಅರಿಶಿನ ಹಚ್ಚಿ, ದಾರಕ್ಕೆ ಪೋಣಿಸಿ ಬಿಸಿಲಿಗೆ ಕಟ್ಟುತ್ತಿದ್ದರು. ಸಂಜೆ ಒಲೆಯ ಮೇಲಿನ ಹೊಗೆಗೆ. ಅದೇ ಕೊರಬಾಡು. ಮಳೆಗಾಲದಲ್ಲಿ ಹುರುಳಿಕಾಳಿನ ಸಾರಿಗೆ ಅದರ ಎರಡು ತುಂಡು ಬಿದ್ದರೆ ಸಾಕಿತ್ತು. ಅಜ್ಜಿ ಮಾಂಸದಿಂದ ನೀರು ತೆಗೆಯುತ್ತಿದ್ದರು; ನೀರಿಲ್ಲದ, ಉಪ್ಪು ತುಂಬಿದ ಮಾಂಸದಲ್ಲಿ ಕ್ರಿಮಿ ಬೆಳೆಯುವುದಿಲ್ಲ. ನಮ್ಮ ಯಂತ್ರ ತೆಗೆಯುವುದು ಗಾಳಿಯನ್ನು ಮಾತ್ರ. ನೀರು ಅಲ್ಲೇ ಇರುತ್ತದೆ, ಕ್ರಿಮಿಯೂ ಅಲ್ಲೇ ಇರುತ್ತದೆ. ಅಷ್ಟೇ ಅಲ್ಲ, ಬೊಟುಲಿಸಂ ಎಂಬ ಮಾರಕ ಆಹಾರವಿಷ ತರುವ ಕ್ರಿಮಿಗೆ ಗಾಳಿಯಿಲ್ಲದ ಜಾಗವೇ ಇಷ್ಟ. ಆದ್ದರಿಂದ ಗಾಳಿ ತೆಗೆದ ಪೊಟ್ಟಣವೆಂದು ಅದನ್ನು ಕಟ್ಟೆಯ ಮೇಲೆ ಬಿಡುವುದು ಅಪಾಯ. ಕಾಪಾಡುವುದು ಚಳಿ. ಮೈನಸ್ 18 ಡಿಗ್ರಿ ಸೆಲ್ಸಿಯಸ್‌ನ ಫ್ರೀಜರ್ ಮಾಂಸವನ್ನು ಕಾಯುತ್ತದೆ. ಚೀಲ ಆ ಮಾಂಸ ಫ್ರೀಜರಿನ ಒಣ ಗಾಳಿಗೆ ಬಿಳಿಚಿ ಬೆಂಡಾಗದಂತೆ, ಕೊಬ್ಬು ಕಮಟದಂತೆ ನೋಡಿಕೊಳ್ಳುತ್ತದೆ.

ಯಂತ್ರದ ಆಯ್ಕೆ

ಮನೆಬಳಕೆಗೆ ಎರಡು ಜಾತಿ ಸಿಗುತ್ತವೆ. ಒಂದರಲ್ಲಿ ಚೀಲದ ಬಾಯಿಯನ್ನು ಮಾತ್ರ ಯಂತ್ರದೊಳಗೆ ಇಡುತ್ತೇವೆ, ಅದು ಗಾಳಿಯನ್ನು ಹೀರಿ ಬಾಯಿಗೆ ಬಿಸಿ ಬೆಸುಗೆ ಹಾಕುತ್ತದೆ. ಇದಕ್ಕೆ ಒಳಮೈಯಲ್ಲಿ ಗೆರೆಗೆರೆಯ ಉಬ್ಬು ಇರುವ ಚೀಲವೇ ಬೇಕು. ನುಣುಪಾದ ಚೀಲ ಹಾಕಿದರೆ ಎರಡು ಪದರ ಅಂಟಿಕೊಂಡು ಗಾಳಿ ಒಳಗೇ ಸಿಕ್ಕಿಬೀಳುತ್ತದೆ. ಇನ್ನೊಂದು ಚೇಂಬರ್ ಯಂತ್ರ. ಇಡೀ ಚೀಲವನ್ನು ಪೆಟ್ಟಿಗೆಯೊಳಗೆ ಮಲಗಿಸಿ ಮುಚ್ಚಳ ಹಾಕುತ್ತೇವೆ, ಪೆಟ್ಟಿಗೆಯ ಗಾಳಿಯೆಲ್ಲ ಹೋಗುತ್ತದೆ. ಚೀಲದ ಒಳಗೂ ಹೊರಗೂ ಒತ್ತಡ ಒಟ್ಟಿಗೇ ಇಳಿಯುವುದರಿಂದ ರಕ್ತದ ನೀರು ಬಾಯಿಗೆ ಏರುವುದಿಲ್ಲ. ಸಾರನ್ನೇ ಪೊಟ್ಟಣ ಮಾಡಬಹುದು, ಅದು ತಣ್ಣಗಿದ್ದರೆ. ಬಿಸಿ ಇದ್ದರೆ ಕಡಿಮೆ ಒತ್ತಡದಲ್ಲಿ ಕುದಿದು ಚೆಲ್ಲುತ್ತದೆ.

ಚೇಂಬರ್ ಯಂತ್ರದ ಚೀಲ ಅಗ್ಗ, ಯಂತ್ರ ದುಬಾರಿ, ಜೊತೆಗೆ ಒಬ್ಬರೇ ಎತ್ತಲಾಗದಷ್ಟು ಭಾರ. ವರ್ಷಕ್ಕೆ ಒಂದೆರಡು ಜಿಂಕೆ ಬರುವ ಮನೆಗೆ ಅದು ಬೇಡ ಎಂಬುದು ನನ್ನ ಖಚಿತ ಅಭಿಪ್ರಾಯ. ನಾಲ್ಕು ಮನೆಯವರು ಕೂಡಿ ಕೊಂಡು, ಮೀನು, ಹಂದಿ, ಕೋಳಿ ಎಲ್ಲವನ್ನೂ ಅದರಲ್ಲೇ ಕಟ್ಟುವುದಾದರೆ ಬೇರೆ ಮಾತು.

ಹೀರುವ ಯಂತ್ರ ಕೊಳ್ಳುವಾಗ ಪೆಟ್ಟಿಗೆಯ ಮೇಲೆ ದೊಡ್ಡದಾಗಿ ಬರೆದ ವ್ಯಾಟ್ ಸಂಖ್ಯೆಗೆ ಮರುಳಾಗಬೇಡಿ. ಬೆಸುಗೆ ಪಟ್ಟಿಯನ್ನು ನೋಡಿ. ಅಗಲವಾದ ಒಂದು ಗೆರೆ ಅಥವಾ ಜೋಡಿ ಗೆರೆ ಹಾಕುವ ಯಂತ್ರವೇ ಬೇಕು. ನೂಲಿನಂಥ ಒಂದೇ ಗೆರೆ ಮಾಂಸದ ಭಾರಕ್ಕೆ ಸಾಲದು. ನೀವು ಹೇಳಿದ ಕ್ಷಣದಲ್ಲಿ ಹೀರುವುದನ್ನು ನಿಲ್ಲಿಸಿ ಬೆಸುಗೆ ಹಾಕುವ ಪ್ರತ್ಯೇಕ ಗುಂಡಿ ಇರಲೇಬೇಕು. ಬೆಸುಗೆಯ ಸಮಯವನ್ನು ಹೆಚ್ಚು ಕಡಿಮೆ ಮಾಡುವಂತಿದ್ದರೆ ಒಳ್ಳೆಯದು, ಒದ್ದೆ ಚೀಲಕ್ಕೆ ಒಂದೆರಡು ಸೆಕೆಂಡು ಹೆಚ್ಚು ಬೇಕಾಗುತ್ತದೆ. ಸೋರಿದ ನೀರು ನಿಲ್ಲುವ ತಟ್ಟೆ ಕೈಗೆ ಬಂದು ತೊಳೆಯಲು ಆಗಬೇಕು. ಮುಚ್ಚಳದ ಅಂಚಿನಲ್ಲಿ ಗಾಳಿ ತಡೆಯುವ ಸ್ಪಂಜಿನ ಪಟ್ಟಿ, ಅಂದರೆ ಗ್ಯಾಸ್ಕೆಟ್, ಬಿಡಿಯಾಗಿ ಸಿಗುತ್ತದೆಯೇ ಎಂದು ಕೇಳಿ. ಮೊದಲು ಸವೆಯುವುದು ಅದೇ.

ಎಲ್ಲಕ್ಕಿಂತ ಮುಖ್ಯ, ಯಂತ್ರ ದಣಿಯದೆ ಎಷ್ಟು ಹೊತ್ತು ದುಡಿಯುತ್ತದೆ ಎಂಬುದು. ಕಳೆದ ವರ್ಷ ಮಗಳು ಹೊಡೆದ ಹೆಣ್ಣು ಜಿಂಕೆ ಒಳಾಂಗ ತೆಗೆದ ಮೇಲೆ 52 ಕಿಲೋ ತೂಗಿತು. ಮೂಳೆ, ಕೊಬ್ಬು, ನರ ಬಿಡಿಸಿದ ಮೇಲೆ ಉಳಿದ ಮಾಂಸ 18 ಕಿಲೋ. ಅದು 30 ಪೊಟ್ಟಣವಾಯಿತು. ಒಂದೊಂದರ ತಳಕ್ಕೆ ಒಂದು, ಬಾಯಿಗೆ ಎರಡು ಬೆಸುಗೆ ಎಂದರೆ 90 ಸಲ ಪಟ್ಟಿ ಕಾಯಬೇಕು. ವಾರಕ್ಕೊಮ್ಮೆ ಚೀಸ್ ತುಂಡು ಕಟ್ಟುವ ಯಂತ್ರಕ್ಕೆ ಇದು ಆಗುವುದಿಲ್ಲ. ನನ್ನ ಮೊದಲನೆಯದು ಹದಿನೈದನೆಯ ಪೊಟ್ಟಣಕ್ಕೆ ಕಾದು ನಿಂತುಬಿಟ್ಟಿತು, ಅರ್ಧ ಜಿಂಕೆ ಹಲಗೆಯ ಮೇಲೆ ಕಾಯುತ್ತಿತ್ತು. ಈಗಿನದರಲ್ಲಿ ತಣ್ಣಗಾಗಿಸುವ ಫ್ಯಾನ್ ಇದೆ. ಆದರೂ ಪ್ರತಿ ಪೊಟ್ಟಣದ ನಡುವೆ ಇಪ್ಪತ್ತು ಸೆಕೆಂಡು ಮುಚ್ಚಳ ತೆರೆದಿಡುತ್ತೇನೆ.

ಚೀಲದ ರೋಲುಗಳಲ್ಲಿ 20 ಸೆಂಟಿಮೀಟರ್ ಮತ್ತು 28 ಸೆಂಟಿಮೀಟರ್ ಅಗಲದವು ಎರಡೂ ಇರಲಿ. ಹೊರಪದರ ನೈಲಾನ್ ಇರುವ ದಪ್ಪ ಚೀಲವೇ ಆಗಬೇಕು. ಗಾಳಿಯನ್ನು ತಡೆಯುವುದು ನೈಲಾನ್, ಬೆಸುಗೆಗೆ ಕರಗುವುದು ಒಳಗಿನ ಪಾಲಿಥೀನ್. ಕಾಸು ಉಳಿಸುವ ಜಾಗ ಇದಲ್ಲ.

ಕಟ್ಟುವ ಮೊದಲು

ನಮ್ಮ ಕಡೆಯ ಜಿಂಕೆಗಳಲ್ಲಿ ಸೊರಗು ರೋಗವಿದೆ. ಮಿದುಳನ್ನು ತಿನ್ನುವ ಈ ಕ್ರಾನಿಕ್ ವೇಸ್ಟಿಂಗ್ ಡಿಸೀಸ್ ವಿಸ್ಕಾನ್ಸಿನ್‌ನಲ್ಲಿ ಪತ್ತೆಯಾದದ್ದು 2002ರಲ್ಲಿ, ನಮಗೆ ಹತ್ತಿರದ ಮೌಂಟ್ ಹೋರೆಬ್ ಕಡೆ. ಮನುಷ್ಯರಿಗೆ ತಗುಲಿದ ಖಚಿತ ನಿದರ್ಶನ ಇಲ್ಲ, ಆದರೆ ರೋಗವಿದ್ದ ಜಿಂಕೆಯನ್ನು ತಿನ್ನಬೇಡಿ ಎಂದು ಆರೋಗ್ಯ ಇಲಾಖೆಯ ಸಲಹೆಯಿದೆ. ಅದನ್ನು ಹರಡುವ ಪ್ರೋಟೀನು ಬೇಯಿಸಿದರೂ ಸಾಯುವುದಿಲ್ಲ, ಹೆಪ್ಪುಗಟ್ಟಿಸಿದರೂ ಸಾಯುವುದಿಲ್ಲ. ತಲೆಯನ್ನು ಪರೀಕ್ಷೆಗೆ ಕೊಟ್ಟು ಫಲಿತಾಂಶ ಬರಲು ನಮಗೆ ಎರಡು ವಾರ ಹಿಡಿಯುತ್ತದೆ. ಅಷ್ಟು ದಿನ ಮಾಂಸ ಕಾಯುವುದಿಲ್ಲ, ಕಟ್ಟಿಯೇ ಇಡಬೇಕು. ಹಾಗಾಗಿ ನನ್ನ ಪೊಟ್ಟಣಗಳ ಮೇಲೆ ಜಿಂಕೆಯ ನೋಂದಣಿ ಸಂಖ್ಯೆ ಇಲ್ಲದೆ ಒಂದೂ ಫ್ರೀಜರ್ ಸೇರುವುದಿಲ್ಲ. ಎರಡು ಜಿಂಕೆಯ ಕೀಮಾವನ್ನು ಎಂದೂ ಬೆರೆಸುವುದಿಲ್ಲ. ಒಂದರ ಫಲಿತಾಂಶ ಕೆಟ್ಟದ್ದಾಗಿ ಬಂದರೆ ಎರಡನ್ನೂ ಎಸೆಯಬೇಕಾಗುತ್ತದೆ. ಒಂದು ಜೀವ ತೆಗೆದ ಮೇಲೆ ಅದರ ಮಾಂಸವನ್ನು ನಮ್ಮ ಅಜಾಗರೂಕತೆಯಿಂದ ಎಸೆಯುವುದು ನನಗೆ ಸಹಿಸಲಾಗದ ಸಂಗತಿ.

ಜಿಂಕೆಯ ಕೊಬ್ಬನ್ನು ಪೂರ್ತಿ ತೆಗೆಯಿರಿ. ಅದು ಮೇಣದಂತೆ ನಾಲಗೆಗೆ ಅಂಟುತ್ತದೆ, ಫ್ರೀಜರಿನಲ್ಲೂ ಕಮಟುತ್ತದೆ. ಜಿಂಕೆ ಮಾಂಸ ವಾಸನೆ ಎನ್ನುವವರು ಎಷ್ಟೋ ಸಲ ದೂರುವುದು ಈ ಕೊಬ್ಬನ್ನು. ಗುಂಡು ತಾಗಿದ ಜಾಗದ ಸುತ್ತ ಧಾರಾಳವಾಗಿ ಕತ್ತರಿಸಿ ತೆಗೆದುಹಾಕಿ. ಬೆನ್ನೆಲುಬಿನ ಎರಡೂ ಬದಿಗೆ ಉದ್ದಕ್ಕೂ ಸಿಗುವ ಮೆತ್ತನೆಯ ಪಟ್ಟಿಯನ್ನು ಮಾತ್ರ ತುಂಡು ತುಂಡು ಮಾಡದೆ ಒಂದು ಗೇಣಿನಷ್ಟು ಉದ್ದಕ್ಕೆ ಬಿಡುತ್ತೇನೆ, ಮೇಲಿನ ಬೆಳ್ಳಿಯಂಥ ಪೊರೆಯನ್ನೂ ಹಾಗೇ ಇಡುತ್ತೇನೆ. ಕೊಯ್ದ ಮುಖ ಕಡಿಮೆ ಇದ್ದಷ್ಟೂ ಸೋರುವ ರಸ ಕಡಿಮೆ, ಪೊರೆ ಎರಡನೆಯ ಚೀಲದಂತೆ ಕಾಯುತ್ತದೆ. ಅಡುಗೆಯ ದಿನ ಪೊರೆ ಬಿಡಿಸಿದರಾಯಿತು.

ಪೊಟ್ಟಣದ ಅಳತೆ ನಿಮ್ಮ ಪಾತ್ರೆಯ ಅಳತೆ. ನಾವು ಮೂವರು, ಸಾರಿಗೆ ತೊಡೆಯ ಮಾಂಸ 700 ಗ್ರಾಂ, ಕೀಮಾ 450 ಗ್ರಾಂ. ದೊಡ್ಡ ಗಟ್ಟಿ ಕಟ್ಟಿಟ್ಟು ಆಮೇಲೆ ಅರ್ಧ ಒಡೆಯಲು ಹೆಣಗಬೇಡಿ.

ಒಣ ಬಾಯಿ

ಇನ್ನು ಕೆಲಸದ ತಿರುಳು. ಮೊದಲ ವರ್ಷ ನಾನು ಕಟ್ಟಿದ ಪೊಟ್ಟಣಗಳಲ್ಲಿ ಹನ್ನೊಂದು, ಸಂಕ್ರಾಂತಿಯ ಹೊತ್ತಿಗೆ ಸಡಿಲಗೊಂಡು ಒಳಗೆ ಹಿಮದ ಹರಳು ತುಂಬಿಕೊಂಡಿದ್ದವು. ಯಂತ್ರ ಸರಿಯಾಗಿಯೇ ಇತ್ತು. ಬೆಸುಗೆಯ ಜಾಗದಲ್ಲಿ ರಕ್ತದ ನೀರಿನ ತೆಳು ಪಸೆ ಇತ್ತು. ನೀರಿದ್ದಲ್ಲಿ ಪ್ಲಾಸ್ಟಿಕ್ ಕರಗಿ ಒಂದಾಗುವುದಿಲ್ಲ. ಅಂಟಿದಂತೆ ಕಾಣುತ್ತದೆ, ವಾರ ಕಳೆದ ಮೇಲೆ ಬಿಡುತ್ತದೆ. ಆ ಹನ್ನೊಂದು ಪೊಟ್ಟಣ ಕಲಿಸಿದ್ದನ್ನು ಈಗ ಕ್ರಮವಾಗಿ ಮಾಡುತ್ತೇನೆ.

ತುಂಡುಗಳನ್ನು ಪೇಪರ್ ಟವೆಲಿನಿಂದ ಒತ್ತಿ ಒರೆಸಿ, ಒಂದಕ್ಕೊಂದು ತಾಗದಂತೆ ಅಗಲವಾದ ತಟ್ಟೆಯಲ್ಲಿ ಹರಡಿ, ಒಂದೂವರೆ ಗಂಟೆ ಫ್ರೀಜರಿನಲ್ಲಿಡಿ. ಹೊರಗೆ ಗಟ್ಟಿಯಾಗಬೇಕು, ಒಳಗೆ ಆಗಬೇಕಿಲ್ಲ. ಹೀಗೆ ಬಿಗಿದ ಮಾಂಸದಿಂದ ಯಂತ್ರ ರಸ ಹೀರುವುದಿಲ್ಲ. ಅಷ್ಟರಲ್ಲಿ ಚೀಲ ಕತ್ತರಿಸಿ ಒಂದು ತುದಿಗೆ ಬೆಸುಗೆ ಹಾಕಿಡಿ. ಮಾಂಸದ ಉದ್ದಕ್ಕಿಂತ ನಾಲ್ಕು ಬೆರಳಗಲ ಹೆಚ್ಚು ಇರಲಿ. ಈ ನಾಲ್ಕು ಬೆರಳಿನ ಜಿಪುಣತನದಿಂದ ಹಾಳಾಗುವ ಪೊಟ್ಟಣಗಳು ಬಹಳ.

ಮಾಂಸ ತುಂಬುವ ಮುನ್ನ ಚೀಲದ ಬಾಯಿಯನ್ನು ಅಂಗಿಯ ತೋಳು ಮಡಚುವಂತೆ ಹೊರಕ್ಕೆ ಮಡಚಿ. ತುಂಬಿದ ಮೇಲೆ ಬಿಡಿಸಿದರೆ ಬೆಸುಗೆಯ ಜಾಗಕ್ಕೆ ಕೈಯೂ ತಾಗಿರುವುದಿಲ್ಲ, ರಸವೂ ತಾಗಿರುವುದಿಲ್ಲ. ಮಾಂಸಕ್ಕೂ ಬಾಯಿಗೂ ನಡುವೆ ಪೇಪರ್ ಟವೆಲಿನ ಒಂದು ಮಡಿಕೆ ಅಡ್ಡ ಇಡಿ, ಏರುವ ಹನಿಯನ್ನು ಅದು ಕುಡಿಯುತ್ತದೆ. ಬಾಯಿಯನ್ನು ಎರಡೂ ಕೈಯಲ್ಲಿ ಹಿಡಿದು ಸುಕ್ಕಿಲ್ಲದಂತೆ ಎಳೆದು ಯಂತ್ರದಲ್ಲಿಡಿ. ಒಂದು ಸುಕ್ಕು ಉಳಿದರೂ ಅದೇ ಗಾಳಿಯ ಕಾಲುವೆ. ಹನಿ ಬಾಯಿಯತ್ತ ಓಡುವುದು ಕಂಡರೆ ತಕ್ಷಣ ಬೆಸುಗೆಯ ಗುಂಡಿ ಒತ್ತಿ. ಚೂರು ಗಾಳಿ ಉಳಿದರೆ ಚಿಂತೆಯಿಲ್ಲ, ಒದ್ದೆ ಬೆಸುಗೆ ಮಾತ್ರ ಬೇಡ. ಇಪ್ಪತ್ತು ಸೆಕೆಂಡು ಬಿಟ್ಟು, ಮೊದಲ ಗೆರೆಯಿಂದ ಅರ್ಧ ಬೆರಳು ಹೊರಗೆ ಎರಡನೆಯ ಬೆಸುಗೆ ಹಾಕಿ. ಬೆಳಕಿಗೆ ಹಿಡಿದು ನೋಡಿ: ಒಳ್ಳೆಯ ಬೆಸುಗೆ ಗಾಜಿನಂತೆ ಪಾರದರ್ಶಕ, ಒಂದೇ ಸಮ. ಬಿಳಿ ಚುಕ್ಕೆ, ಗುಳ್ಳೆ, ಕಂದು ಕಲೆ ಕಂಡರೆ ಕತ್ತರಿಸಿ ಮತ್ತೆ ಹಾಕಿ. ಅದಕ್ಕೇ ಆ ನಾಲ್ಕು ಬೆರಳು.

ಕಾಲಿನ ಮೂಳೆ ಸೂಪಿಗೆ ಬೇಕೇಬೇಕು, ಗರಗಸದಲ್ಲಿ ಕೊಯ್ದ ಅದರ ಅಂಚು ಚೀಲಕ್ಕೆ ಮುಳ್ಳು. ಆ ತುದಿಗಳಿಗೆ ಪೇಪರ್ ಟವೆಲನ್ನು ದಪ್ಪಗೆ ಸುತ್ತಿ, ಎರಡು ಚೀಲ ಹಾಕುತ್ತೇನೆ. ಕೀಮಾವನ್ನು ಉಂಡೆ ಮಾಡದೆ, ಮೊದಲು ಸಾಮಾನ್ಯ ಚೀಲದಲ್ಲಿ ಲಟ್ಟಣಿಗೆಯಿಂದ ಎರಡು ಬೆರಳು ದಪ್ಪಕ್ಕೆ ತಟ್ಟಿ, ಬಿಗಿಯುವವರೆಗೆ ಫ್ರೀಜರಿನಲ್ಲಿಟ್ಟು ಆಮೇಲೆ ಗಾಳಿ ತೆಗೆಯುತ್ತೇನೆ. ಹಲಗೆಯಂತೆ ಪೇರಿಸಬಹುದು, ಬೇಗ ಕರಗುತ್ತದೆ.

ಬೆಳ್ಳುಳ್ಳಿ, ಶುಂಠಿ, ಮೊಸರು ಹಚ್ಚಿ ಕಟ್ಟಿದರೆ ಕೆಲಸ ಉಳಿಯುತ್ತದಲ್ಲ ಎಂದು ಕೇಳುವವರಿದ್ದಾರೆ. ಮಾಡಬೇಡಿ. ಹುಳಿ ತಿಂಗಳುಗಟ್ಟಲೆ ಕೂತರೆ ಮಾಂಸ ಪಿಚಪಿಚ ಆಗುತ್ತದೆ. ಹಸಿ ಬೆಳ್ಳುಳ್ಳಿಯನ್ನು ಗಾಳಿಯಿಲ್ಲದ ಚೀಲದಲ್ಲಿ ಫ್ರಿಜ್‌ನಲ್ಲಿಡುವುದು ಬೊಟುಲಿಸಂಗೆ ದಾರಿ. ಮಸಾಲೆ ಅಡುಗೆಯ ದಿನದ ಕೆಲಸ.

ಫ್ರೀಜರಿಗೆ, ಫ್ರೀಜರಿನಿಂದ

ಹದಿನೆಂಟು ಕಿಲೋವನ್ನು ಒಂದೇ ರಾತ್ರಿ ಫ್ರೀಜರಿಗೆ ತುರುಕಬೇಡಿ. ಒಂದು ಘನ ಅಡಿ ಜಾಗಕ್ಕೆ ದಿನಕ್ಕೆ ಒಂದರಿಂದ ಒಂದೂಕಾಲು ಕಿಲೋ ಹೊಸ ಮಾಂಸ ಎಂಬುದು ಲೆಕ್ಕ. ನಮ್ಮ 7 ಘನ ಅಡಿಯ ಪೆಟ್ಟಿಗೆಗೆ ದಿನಕ್ಕೆ ಏಳೆಂಟು ಕಿಲೋ. ಅದಕ್ಕಿಂತ ಹೆಚ್ಚಾದರೆ ನಿಧಾನ ಹೆಪ್ಪುಗಟ್ಟಿ ದೊಡ್ಡ ಹರಳುಗಳು ಮಾಂಸದ ನಾರು ಹರಿಯುತ್ತವೆ, ಕರಗಿಸಿದಾಗ ಬಟ್ಟಲು ತುಂಬ ಕೆಂಪು ನೀರು. ಮೊದಲ ದಿನ ಕೀಮಾ, ಏಕೆಂದರೆ ಅದು ಬೇಗ ಕೆಡುತ್ತದೆ. ದೊಡ್ಡ ತುಂಡುಗಳು 4 ಡಿಗ್ರಿಗಿಂತ ತಣ್ಣಗಿನ ಫ್ರಿಜ್‌ನಲ್ಲಿ ಒಂದೆರಡು ದಿನ ಕಾಯಬಲ್ಲವು. ಮೊದಲ ದಿನ ಪೇರಿಸದೆ ಗೋಡೆಗೆ ತಾಗುವಂತೆ ಹರಡಿ. ಮರುದಿನ ಪ್ರತಿಯೊಂದನ್ನೂ ಕೈಯಲ್ಲಿ ಹಿಡಿದು ನೋಡಿ. ಚೀಲ ಚರ್ಮದಂತೆ ಅಂಟಿಕೊಂಡಿರಬೇಕು, ಸಡಿಲವಾದದ್ದು ಪರೀಕ್ಷೆಯ ಫಲಿತಾಂಶ ಸರಿಯಾಗಿ ಬಂದ ಕೂಡಲೇ ಮೊದಲು ಸಾರಿಗೆ. ಸರಿಯಾಗಿ ಕಟ್ಟಿದ ತೊಡೆಯ ಮಾಂಸವನ್ನು ಎರಡನೆಯ ನವೆಂಬರಿನಲ್ಲಿ ತೆರೆದು ಉಂಡಿದ್ದೇವೆ, ರುಚಿ ಕುಂದಿರಲಿಲ್ಲ. ಕೀಮಾವನ್ನು ಮಾತ್ರ ವರ್ಷದೊಳಗೆ ಮುಗಿಸುತ್ತೇನೆ.

ಊರಿನಿಂದ ಫೋನು ಮಾಡುವ ತಮ್ಮ ಪ್ರತಿ ಸಲ ಕೇಳುತ್ತಾನೆ, "ಅಕ್ಕ, ಇದನ್ನು ಇಲ್ಲೂ ಮಾಡಬಹುದಾ?" ಜಿಂಕೆಗೆ ಇಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅದು ಅಪರಾಧ, ಅದು ಹಾಗೇ ಇರಲಿ. ಕುರಿ, ಹಂದಿ, ಮೀನಿಗೆ ಇದೇ ಕ್ರಮ ಸಾಕು. ಅಲ್ಲಿ ಕರೆಂಟು ಹೋಗುವುದನ್ನು ಲೆಕ್ಕದಲ್ಲಿಟ್ಟುಕೊಳ್ಳಬೇಕು. ಕರಗಿ ಬೆಚ್ಚಗಾದ ಪೊಟ್ಟಣವನ್ನು ಗಾಳಿ ಇಲ್ಲವೆಂದು ನಂಬಿ ಉಳಿಸಿಕೊಳ್ಳಬಾರದು.

ಕರಗಿಸುವುದು ಫ್ರಿಜ್‌ನಲ್ಲೇ, ಹಿಂದಿನ ದಿನವೇ, ಕೆಳಗೊಂದು ತಟ್ಟೆ ಇಟ್ಟು. ಮೀನಾದರೆ ಚೀಲವನ್ನು ಮೊದಲೇ ಸೀಳಿ ಗಾಳಿಯಾಡಲು ಬಿಡಿ. ಹಸಿ ಮಾಂಸದ ಚೀಲವನ್ನು ತೊಳೆದು ಮತ್ತೆ ಬಳಸಬೇಡಿ. ತೆರೆದಾಗ ಮಾಂಸ ನೇರಳೆ ಛಾಯೆಯ ಕಪ್ಪಾಗಿರುತ್ತದೆ, ಮುಚ್ಚಿಟ್ಟ ಡಬ್ಬಿಯಂಥ ಒಂದು ವಾಸನೆಯೂ ಇರುತ್ತದೆ. ಗಾಬರಿ ಬೇಡ, ತಟ್ಟೆಯಲ್ಲಿ ಹರಡಿ ಫ್ರಿಜ್‌ನಲ್ಲಿ ಅರ್ಧ ಗಂಟೆ ಇಡಿ. ಗಾಳಿ ತಾಗಿ ಮೇಲ್ಮೈ ಕೆಂಪಗಾಗುತ್ತದೆ, ಆ ವಾಸನೆ ಹೋಗುತ್ತದೆ. ಆಮೇಲೂ ಹುಳಿ ನಾತ ಉಳಿದು, ಬೆರಳಿಗೆ ಲೋಳೆ ಹತ್ತಿದರೆ ಎಸೆದುಬಿಡಿ. ಸರಿಯಿದ್ದರೆ ಈರುಳ್ಳಿ ಹೆಚ್ಚಿಕೊಳ್ಳಿ. ಜಿಂಕೆಯ ಮಾಂಸದಲ್ಲಿ ಕೊಬ್ಬಿಲ್ಲ, ಒಗ್ಗರಣೆಗೆ ಕುರಿ ಸಾರಿಗಿಂತ ಒಂದು ಚಮಚ ಎಣ್ಣೆ ಹೆಚ್ಚು ಬೇಕು.