ಬಿಸಿಯಾದರೆ ಬಂದ್ ಬೀಳುವ ಮರ್ಸಿಡಿಸ್ ಇ220: ಫ್ಯುಯೆಲ್ ಪಂಪಿಗೆ ಕೈ ಹಾಕುವ ಮೊದಲು

ದಾರಿಯಲ್ಲಿ ಬಂದ್ ಬೀಳುವ ಒಂದು ಹಳೇ ಮರ್ಸಿಡಿಸ್ ಬಗ್ಗೆ ಮಾತು ಬಂದು, ಸೆಲ್ಫ್ ಹೊಡೆಯುವಾಗ ಆರ್‌ಪಿಎಂ ಮುಳ್ಳು (ಇಂಜಿನ್ ತಿರುಗುವ ವೇಗ ತೋರಿಸುವ ಮುಳ್ಳು) ಏಳ್ತದಾ ನೋಡಿ ಎಂದು ನಾನು ಹೇಳಿದಾಗ ಸ್ಪೇರ್ಸ್ ಅಂಗಡಿಯಲ್ಲಿ ಕೂತಿದ್ದ ಮೂವರು ಮೇಸ್ತ್ರಿಗಳೂ ನಕ್ಕರು. ಅವರಲ್ಲಿ ಹಿರಿಯರು, ನಾನು ಗುರುಗಳೆಂದೇ ಕರೆಯುವವರು, "ಪಂಪಿಗೆ ಕರೆಂಟ್ ಬರುವುದಿಲ್ಲ ಮಾರಾಯ, ಮುಳ್ಳು ನೋಡಿ ಎಂತ ಮಾಡ್ತೀಯಾ?" ಎಂದರು. ಅವರ ಮಾತಿಗೆ ಎದುರಾಡುವ ಅಭ್ಯಾಸ ನನಗಿಲ್ಲ. ಸುಮ್ಮನೆ ಬಂದೆ. ಆದರೆ ಆ ಗಾಡಿ ಈಗ ಒಂದು ಬೇಸಿಗೆ, ಒಂದು ಮಳೆಗಾಲ ಎರಡನ್ನೂ ದಾಟಿ ಓಡುತ್ತಾ ಉಂಟು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮಣ್ಣಗುಡ್ಡೆಯ ಒಬ್ಬ ಡಾಕ್ಟ್ರ ಗಾಡಿ. 1996ರ ಡಬ್ಲ್ಯೂ124, ಇ220 ಪೆಟ್ರೋಲ್, ಎಂ111 ಇಂಜಿನ್. ಮರ್ಸಿಡಿಸ್‌ನವರು 1995ರಲ್ಲಿ ಪುಣೆಯಲ್ಲಿ ಗಾಡಿ ಜೋಡಿಸಲು ಶುರು ಮಾಡಿದ್ದು ಇದೇ ಮಾಡೆಲಿನಿಂದ. ಕೆಎ 19 ನಂಬರ್, ಮೊದಲಿನಿಂದ ಒಂದೇ ಕೈ. ಬಾಗಿಲು ಹಾಕಿದರೆ ಈಗಲೂ ಗೋದ್ರೆಜ್ ಕಪಾಟಿನ ಹಾಗೆ ಗಟ್ಟಿ ಕೂರ್ತದೆ. ಅಂಥ ಗಾಡಿಯನ್ನು ಗುಜರಿಗೆ ಕೊಡಿ ಎಂದು ಒಬ್ಬರು ಹೇಳಿದ್ದರಂತೆ. ಅದನ್ನು ಕೇಳಿ ನನಗೆ ಹೊಟ್ಟೆ ಉರಿಯಿತು.

ತೊಂದರೆ ಇಷ್ಟು. ಬೆಳಿಗ್ಗೆ ಅರ್ಧ ಸೆಲ್ಫಿಗೆ ಸ್ಟಾರ್ಟ್. ಸುರತ್ಕಲ್ ಕಡೆ ಹೊರಟು ಕೊಟ್ಟಾರ ಚೌಕಿ, ಕೂಳೂರು ಸೇತುವೆಯ ಟ್ರಾಫಿಕ್ಕಿನಲ್ಲಿ ಮುಕ್ಕಾಲು ಗಂಟೆ ತೆವಳಿದರೆ ಕೀ ತಿರುಗಿಸಿ ಆಫ್ ಮಾಡಿದ ಹಾಗೆ ಬಂದ್. ಕೆಮ್ಮುವುದಿಲ್ಲ, ಜರ್ಕ್ ಇಲ್ಲ. ಸೆಲ್ಫ್ ತಿರುಗ್ತದೆ, ಇಂಜಿನ್ ಹಿಡಿಯುವುದಿಲ್ಲ. 20-25 ನಿಮಿಷ ಕಾದರೆ ಏನೂ ಆಗದ ಹಾಗೆ ಸ್ಟಾರ್ಟ್. ಶಿರಾಡಿ ಘಾಟಿಯಲ್ಲಿ ಎರಡು ಸಲ ಕೈಕೊಟ್ಟಿದೆ, ಒಂದು ಸಲ ಗುಂಡ್ಯದಿಂದ ಮೇಲೆ ಲಾರಿಗಳ ಸಾಲಿನ ನಡುವೆ. ಡಾಕ್ಟ್ರ ಹೆಂಡತಿ ಆಮೇಲೆ ಆ ಗಾಡಿಯಲ್ಲಿ ಕೂರುವುದನ್ನೇ ಬಿಟ್ಟರು.

ನನ್ನ ಹತ್ತಿರ ಬರುವ ಮೊದಲು ಎರಡು ಕಡೆ ಆಗಿತ್ತು. ಪಂಪ್ ಸುಮಾರು 11 ಸಾವಿರ, ರಿಲೇ 4, ಸ್ಪಾರ್ಕ್ ಪ್ಲಗ್ ಮತ್ತು ಅದರ ವೈರ್ ಸೇರಿ 9, ಫಿಲ್ಟರ್ ಸಾವಿರದಷ್ಟು. ಕೊನೆಗೆ ಮುಂಬೈಯಿಂದ ತರಿಸಿದ ಸೆಕೆಂಡ್ ಹ್ಯಾಂಡ್ ಇಸಿಯು (ಇಂಜಿನ್ ನಡೆಸುವ ಕಂಪ್ಯೂಟರ್) 28 ಸಾವಿರ. ಲೇಬರ್ ಸೇರಿಸಿದರೆ 65 ಸಾವಿರದ ಹತ್ತಿರ. ಗಾಡಿ ಮಾತ್ರ ಅದೇ ಕೂಳೂರಿನಲ್ಲಿ ಅದೇ ಹಾಗೆ ನಿಂತಿತು.

ಎಲ್ಲರೂ ಎಡವಿದ ಜಾಗ ಒಂದೇ. ಗಾಡಿ ನಿಂತಾಗ ಪಂಪಿನ ವೈರಿಗೆ ಟೆಸ್ಟ್ ಬಲ್ಬ್ ಹಿಡಿದರೆ ಬಲ್ಬ್ ಉರಿಯುವುದಿಲ್ಲ, ಹಾಗಾಗಿ ರಿಲೇ, ಪಂಪ್, ಇಸಿಯು ಎಂದು ಒಂದೊಂದಾಗಿ ಹೋದರು. ಆದರೆ ಈ ಗಾಡಿಯಲ್ಲಿ ಕೀ ಆನ್ ಮಾಡಿದಾಗ ಒಂದು ಕ್ಷಣ ಪಂಪ್ ಓಡ್ತದೆ, ಆಮೇಲೆ ಇಂಜಿನ್ ತಿರುಗುತ್ತಿದೆ ಎಂಬ ಸಿಗ್ನಲ್ ಬಂದರೆ ಮಾತ್ರ ಇಸಿಯು ಪಂಪನ್ನು ಓಡಿಸ್ತದೆ. ಆ ಸಿಗ್ನಲ್ ಕೊಡುವುದು ಕ್ರ್ಯಾಂಕ್ ಸೆನ್ಸರ್, ಅಂದರೆ ಇಂಜಿನ್ನಿನ ಕ್ರ್ಯಾಂಕ್ ದಂಡ ತಿರುಗುವುದನ್ನು ಗುರುತಿಸುವ ಸೆನ್ಸರ್. ಅದು ಸತ್ತರೆ ಸ್ಪಾರ್ಕ್, ಇಂಜೆಕ್ಟರ್, ಪಂಪ್ ಮೂರೂ ಒಂದೇ ಉಸಿರಿಗೆ ನಿಲ್ತವೆ, ಆರ್‌ಪಿಎಂ ಮುಳ್ಳೂ ಏಳುವುದಿಲ್ಲ. ಇಸಿಯುಗೆ ಬರುವ 12 ವೋಲ್ಟ್ ಸರಿ ಇದ್ದೂ ಸೆಲ್ಫ್ ಹೊಡೆಯುವಾಗ ಮುಳ್ಳು ಸೊನ್ನೆಯಲ್ಲೇ ಮಲಗಿದ್ದರೆ ಮೊದಲು ಅನುಮಾನಿಸಬೇಕಾದ್ದು ಆ ಸೆನ್ಸರನ್ನು.

ಇಷ್ಟು ಗೊತ್ತಿದ್ದೂ ನಾನು ಮೂರು ವಾರ ಕಳೆದುಕೊಂಡೆ. ಸೆನ್ಸರನ್ನು ತಣ್ಣಗಿರುವಾಗ ಅಳೆದದ್ದೇ ತಪ್ಪು. 900 ಓಂ ಚಿಲ್ಲರೆ ತೋರಿಸಿತು, ಸರಿ ಉಂಟು ಎಂದು ಬಿಟ್ಟೆ. ಮತ್ತೆ ಅರ್ತ್ ಪಾಯಿಂಟ್ ಎಲ್ಲ ಉಜ್ಜಿದೆ, ಹೊಸ ಅರ್ತ್ ಎಳೆದೆ. ಶೆಡ್ಡಿನಲ್ಲಿ ಎರಡು ದಿನ ಎಸಿ ಹಾಕಿ ಐಡ್ಲಿಂಗಿನಲ್ಲಿ ಬಿಟ್ಟೆ, ನಿಲ್ಲಲೇ ಇಲ್ಲ. ಯಾಕೆಂದರೆ ಬಾನೆಟ್ ತೆರೆದಿತ್ತು. ಸೆನ್ಸರ್ ಇರುವುದು ಇಂಜಿನ್ನಿನ ಹಿಂದೆ, ಬೆಲ್‌ಹೌಸಿಂಗ್ (ಇಂಜಿನ್ನಿಗೆ ಗೇರ್‌ಬಾಕ್ಸ್ ಸೇರುವ ಜಾಗ) ಹತ್ತಿರ. ಬಾನೆಟ್ ಮುಚ್ಚಿದರೆ ಮಾತ್ರ ಬಿಸಿಯೆಲ್ಲ ಅಲ್ಲಿ ಹೋಗಿ ಕೂರ್ತದೆ. ಮೂರನೇ ದಿನ ಬಾನೆಟ್ ಮುಚ್ಚಿ, ಮಧ್ಯಾಹ್ನ ಬಿಸಿಲಿಗೆ ನಿಲ್ಲಿಸಿ ಕಾದೆ. ಒಂದೂಮುಕ್ಕಾಲು ಗಂಟೆಗೆ ಬಂದ್ ಬಿತ್ತು. ಮಳೆಗಾಲದಲ್ಲಿ ಅಷ್ಟು ನಿಲ್ಲುವುದಿಲ್ಲ ಎಂದು ಡಾಕ್ಟ್ರು ಮೊದಲೇ ಹೇಳಿದ್ದರು. ಆ ಮಾತನ್ನು ನಾನು ಅವತ್ತೇ ಗಟ್ಟಿಯಾಗಿ ಹಿಡಿಯಬೇಕಿತ್ತು.

ಆಮೇಲೆ ಸೆನ್ಸರಿನ ಪ್ಲಗ್ಗಿನಿಂದ ಎರಡು ವೈರ್ ಎಳೆದು ಮೀಟರನ್ನು ಪಕ್ಕದ ಸೀಟಿನಲ್ಲಿ ಇಟ್ಟು ಓಡಿಸಿದೆ. ಮೊದಲು ಎಳೆದದ್ದು ಸಾದಾ ವೈರ್, ಅದು ಕಾಯಿಲಿನ (ಸ್ಪಾರ್ಕಿಗೆ ಹೈ ವೋಲ್ಟೇಜ್ ಕೊಡುವ ಭಾಗ) ಗಲಾಟೆಯನ್ನೆಲ್ಲ ಹಿಡಿದುಕೊಂಡು ಬಂದು ಇಂಜಿನ್ನೇ ಮಿಸ್ಸಿಂಗ್ ಹೊಡೆಯಿತು. ಟಿವಿ ಕೇಬಲಿನವರ ಹತ್ತಿರ ನಾಲ್ಕು ಮೀಟರ್ ಶೀಲ್ಡ್ ಇರುವ ತುಂಡು ಬೇಡಿ ತಂದ ಮೇಲೆ ಸರಿಯಾಯಿತು. ಮೀಟರ್ ಎಸಿ (ಆಲ್ಟರ್ನೇಟಿಂಗ್ ಕರೆಂಟ್) ವೋಲ್ಟಿನಲ್ಲಿರಲಿ. ಸೆಲ್ಫಿನಲ್ಲಿ ಒಂದು, ಒಂದೂವರೆ ವೋಲ್ಟ್ ಬರ್ತದೆ. ನಂತೂರಿನಿಂದ ಪಂಪ್‌ವೆಲ್‌ಗೆ ಇಳಿದು ತೊಕ್ಕೊಟ್ಟು ತನಕ ಹೋಗಿ ವಾಪಸ್ ಬರುವಾಗ ನೇತ್ರಾವತಿ ಸೇತುವೆ ದಾಟಿದ್ದೇ ವೋಲ್ಟ್ ಒಮ್ಮೆಲೇ ಸೊನ್ನೆ, ಇಂಜಿನ್ ಬಂದ್. ಬದಿಗೆ ಉರುಳಿಸಿ, ಪ್ಲಗ್ ಬಿಡಿಸಿ ಓಂ ನೋಡಿದೆ. ಓಪನ್, ಅಂದರೆ ಒಳಗೆ ವೈರ್ ಕಡಿದ ಹಾಗೆ! ಅರ್ಧ ಬಾಟ್ಲಿ ತಣ್ಣೀರು ಸೆನ್ಸರಿನ ಮೇಲೆ ಹೊಯ್ದೆ. ಎರಡೇ ನಿಮಿಷಕ್ಕೆ 900 ವಾಪಸ್ ಬಂತು, ಗಾಡಿ ಸ್ಟಾರ್ಟ್. ರಸ್ತೆ ಬದಿಯಲ್ಲಿ ಒಬ್ಬನೇ ನಿಂತು ನಾನು ಚಪ್ಪಾಳೆ ಹೊಡೆದೆ.

ಅದನ್ನು ಬಿಚ್ಚಲು ಒಂದೇ ಬೋಲ್ಟ್, ಆದರೆ ಕೈ ಹೋಗುವುದಿಲ್ಲ. ಕೆಲವರು ಇಂಟೇಕ್ ಕಡೆಯಿಂದ ಅರ್ಧ ಗಾಡಿ ಬಿಚ್ಚುತ್ತಾರೆ. ನಾನು ಏನೂ ಬಿಚ್ಚದೆ 40 ನಿಮಿಷದಲ್ಲಿ ತೆಗೆದೆ. ಅದು ಹೇಗೆ ಎಂದು ಇಲ್ಲಿ ಹೇಳುವುದಿಲ್ಲ, ಅದು ನನ್ನ ಅನ್ನ.

ತೆಗೆದ ಸೆನ್ಸರನ್ನು ಹಳೇ ಗೇರ್ ಆಯಿಲಿನಲ್ಲಿ ಮುಳುಗಿಸಿ ಕರೆಂಟ್ ಒಲೆಯ ಮೇಲೆ ಇಟ್ಟೆ. ಬೇಡದ ಕೆಲಸ, ಆದರೆ ನೋಡದೆ ಇರಲು ಆಗಲಿಲ್ಲ. 90 ದಾಟಿ 95 ಡಿಗ್ರಿ ಆಗುವಾಗ ಓಂ ಹಾರಿಹೋಗುತ್ತಿತ್ತು, 80ರ ಹತ್ತಿರ ಇಳಿದಾಗ ಮತ್ತೆ ಬರುತ್ತಿತ್ತು. ಐದು ಸಲ ಮಾಡಿದೆ, ಐದು ಸಲವೂ ಹಾಗೇ. ಒಳಗಿನ ಸುತ್ತು ವಯಸ್ಸಿಗೆ ಎಲ್ಲೋ ಕೂದಲೆಳೆಯಷ್ಟು ಬಿರುಕು ಬಿಟ್ಟಿದೆ, ಬಿಸಿಗೆ ಹಿಗ್ಗಿದಾಗ ಬಿಟ್ಟುಹೋಗ್ತದೆ. ಅದನ್ನು ಮೊಬೈಲಿನಲ್ಲಿ ವಿಡಿಯೋ ಮಾಡಿ ಅದೇ ಸ್ಪೇರ್ಸ್ ಅಂಗಡಿಗೆ ಹೋಗಿ ಗುರುಗಳಿಗೆ ತೋರಿಸಿದೆ. ಅವರು ಎರಡು ಸಲ ನೋಡಿದರು. "ಇನ್ನೊಮ್ಮೆ ಹಾಕು" ಎಂದರು. ಅಷ್ಟೇ ಸಾಕಾಯಿತು ನನಗೆ.

ಹಣ ಉಳಿಸಲು ಮೊದಲು 900 ರೂಪಾಯಿಯ ಕಾಪಿ ಸೆನ್ಸರ್ ಹಾಕಿದ್ದೆ. ಸ್ಟಾರ್ಟ್ ಆಯಿತು, ಆದರೆ 3,000 ಆರ್‌ಪಿಎಂ ದಾಟಿದರೆ ಕಟ್ ಆಗುತ್ತಿತ್ತು. ನಾಲ್ಕೇ ದಿನದಲ್ಲಿ ಬಿಸಾಡಿದೆ. ಒರಿಜಿನಲ್ ಬೆಂಗಳೂರಿನಿಂದ ಬರಲು ಒಂಬತ್ತು ದಿನ, ಸುಮಾರು 4,800. ಮೇಲೆ ಬಿಸಿ ತಡೆಯುವ ಸ್ಲೀವ್ 300. ಸೆನ್ಸರಿನ ವಿಷಯದಲ್ಲಿ ಕಾಪಿ ಬೇಡ, ಗಿರಾಕಿ ಕಾಯಲಿ.

ಕೆಲಸ ಅಲ್ಲಿಗೆ ಮುಗಿಯಲಿಲ್ಲ. ಸಿಗ್ನಲಿನಲ್ಲಿ ಬ್ರೇಕ್ ಹಿಡಿದಾಗ ಆರ್‌ಪಿಎಂ ಏರಿಳಿದು ಒಮ್ಮೊಮ್ಮೆ ನಿಲ್ಲುತ್ತಿತ್ತು. ಇದು ಬೇರೆಯೇ ರೋಗ. 90ರ ದಶಕದ ಮೊದಲರ್ಧದ ಈ ಗಾಡಿಗಳ ಇಂಜಿನ್ ವೈರಿಂಗಿನ ಇನ್ಸುಲೇಶನ್ ಬಿಸಿಗೆ ಪುಡಿಯಾಗ್ತದೆ. ಹಾರ್ನೆಸ್ (ಆ ವೈರಿಂಗಿನ ಕಟ್ಟು) ಬದಲಾಗಿದ್ದರೂ ಥ್ರಾಟಲ್ ಆ್ಯಕ್ಚುವೇಟರಿನ (ಇಂಜಿನ್ನಿಗೆ ಹೋಗುವ ಗಾಳಿಯನ್ನು ಹೆಚ್ಚು ಕಡಿಮೆ ಮಾಡುವ ಭಾಗ) ಒಳಗಿನ ವೈರನ್ನು ಯಾರೂ ನೋಡುವುದಿಲ್ಲ. ತೆರೆದರೆ ಅಪ್ಪಳದ ಹಾಗೆ ಉದುರಿತು. ಹೊಸದು ಕೇಳಿದರೆ ಲಕ್ಷದ ಹತ್ತಿರದ ರೇಟ್ ಹೇಳಿದರು. ನಾನು ಸಿಲಿಕಾನ್ ವೈರ್ ಹಾಕಿ ಒಂದೊಂದೇ ಬೆಸುಗೆ ಮಾಡಿದೆ. ಒಂದೂವರೆ ದಿನ ಹಿಡಿಯಿತು. ಮುಚ್ಚಳ ಒಡೆಯದೆ ತೆರೆದದ್ದು ಹೇಗೆ, ಮತ್ತೆ ಯಾವುದರಲ್ಲಿ ಅಂಟಿಸಿದೆ, ಅದೂ ನನ್ನ ಹತ್ತಿರವೇ ಇರಲಿ.

ಮೇ ಕೊನೆಗೆ ಡಾಕ್ಟ್ರನ್ನೇ ಕೂರಿಸಿಕೊಂಡು ಶಿರಾಡಿ ಹತ್ತಿದೆ. ಎಸಿ ಫುಲ್, ಲಾರಿಗಳ ಹಿಂದೆಯೇ, ಬೇಕೆಂದೇ ಓವರ್‌ಟೇಕ್ ಮಾಡದೆ ಸಕಲೇಶಪುರದ ತನಕ. ಡಾಕ್ಟ್ರು ಗುಂಡ್ಯ ದಾಟಿದ ಮೇಲೆ ಮಾತೇ ಆಡಲಿಲ್ಲ, ಮುಳ್ಳನ್ನೇ ನೋಡುತ್ತಿದ್ದರು. ವಾಪಸ್ ಬರುವಾಗ ಕಲ್ಲಡ್ಕದಲ್ಲಿ ಕೆಟಿ (ಕಲ್ಲಡ್ಕ ಟೀ) ಕುಡಿಯಲು ನಿಲ್ಲಿಸಿದೆವು, ಇಂಜಿನ್ ಆಫ್ ಮಾಡಿ ಕಾಲು ಗಂಟೆ ಬಿಸಿ ಕೂರಲು ಬಿಟ್ಟೆ. ಅದೇ ನಿಜವಾದ ಪರೀಕ್ಷೆ. ಕೀ ಅವರ ಕೈಗೇ ಕೊಟ್ಟೆ. ಅರ್ಧ ಸೆಲ್ಫಿಗೆ ಹಿಡಿಯಿತು. ಲೇಬರ್ 15 ಸಾವಿರ ಹೇಳಿದ್ದೆ, ಒಂದು ರೂಪಾಯಿ ಚರ್ಚೆ ಮಾಡದೆ ಕೊಟ್ಟರು.

ಜೂನಿನಲ್ಲಿ ಮತ್ತೆ ಫೋನ್ ಬಂತು. ಎದೆ ಧಸಕ್ಕೆಂದಿತು. ಆದರೆ ಈ ಸಲ ಗಾಡಿ ನಿಲ್ಲುತ್ತಿರಲಿಲ್ಲ, ಮಳೆಗೆ ನಡುಗುತ್ತಿತ್ತು. ಈ ಇಂಜಿನ್ನಿಗೆ ಎರಡು ಕಾಯಿಲ್, 1 ಮತ್ತು 4ನೇ ಸಿಲಿಂಡರಿಗೆ ಒಂದು, 2 ಮತ್ತು 3ಕ್ಕೆ ಒಂದು. ಒಂದು ಸೋತರೆ ಎರಡು ಸಿಲಿಂಡರ್ ಸೋಲ್ತವೆ, ಇಂಜಿನ್ ಒದ್ದಾಡ್ತದೆ, ಕತ್ತರಿಸಿದ ಹಾಗೆ ನಿಲ್ಲುವುದಿಲ್ಲ. ರಾತ್ರಿ ಶೆಡ್ಡಿನ ಲೈಟ್ ಆರಿಸಿ ಸ್ಪ್ರೇ ಬಾಟ್ಲಿಯಲ್ಲಿ ಬಾವಿ ನೀರು ಹೊಡೆದೆ, ಏನೂ ಕಾಣಲಿಲ್ಲ. ಅದೇ ನೀರಿಗೆ ಒಂದು ಚಮಚ ಉಪ್ಪು ಹಾಕಿ ಹೊಡೆದೆ, ಕಾಯಿಲಿನ ಬದಿಯಿಂದ ನೀಲಿ ಗೆರೆ ಹರಿಯುವುದು ಕಾಣಿಸಿತು. ಡಾಕ್ಟ್ರು ದಿನಾ ಸಂಜೆ ಪಣಂಬೂರು ಬೀಚಿನ ಹತ್ತಿರ ಗಾಡಿ ನಿಲ್ಲಿಸಿ ವಾಕಿಂಗ್ ಹೋಗುವವರು. ಉಪ್ಪುಗಾಳಿಗೆ ಕನೆಕ್ಟರ್ ಪಿನ್ನುಗಳೂ ಹಸಿರು ಹಿಡಿದಿದ್ದವು. ಕಾಯಿಲ್ ಐದೂವರೆ ಸಾವಿರವೋ ಏನೋ ಆಯಿತು. ಈಗ ಕರಾವಳಿಯ ಯಾವ ಗಾಡಿ ಬಂದರೂ ಮಳೆಗಾಲದಲ್ಲಿ ನಾನು ಉಪ್ಪುನೀರಿನಲ್ಲೇ ನೋಡುವುದು. ನೋಡಿದ ಮೇಲೆ ಸಾದಾ ನೀರಿನಲ್ಲಿ ಚೆನ್ನಾಗಿ ತೊಳೆದು ಗಾಳಿ ಹೊಡೆಯಿರಿ, ಇಲ್ಲದಿದ್ದರೆ ನೀವೇ ರೋಗ ಹಚ್ಚಿದ ಹಾಗೆ.

ಮಣಿಪಾಲದಿಂದ ಇನ್ನೊಂದು ಡಬ್ಲ್ಯೂ124 ಬಂದು ಶೆಡ್ಡಿನಲ್ಲಿ ನಿಂತಿದೆ. ಗುರುಗಳೇ ಕಳಿಸಿದ್ದು. ಇದರಲ್ಲಿ ನಿಂತ ಮೇಲೂ ಸೆಲ್ಫ್ ಹೊಡೆದರೆ ಮುಳ್ಳು ಏಳ್ತದೆ, ಹಾಗಾಗಿ ಕ್ರ್ಯಾಂಕ್ ಸೆನ್ಸರನ್ನು ನಾನು ಮುಟ್ಟಿಲ್ಲ. ನಾಳೆ ಪಂಪಿನ ಕಡೆಯಿಂದಲೇ ಶುರು ಮಾಡುವವನಿದ್ದೇನೆ.